ಸಂಶೋಧನ ಪ್ರಬಂಧವನ್ನು ಓದುವ ಬಗೆ

ಎಂಜಿನಿಯರಿಂಗ್ ಕಾಲೇಜಿನ ಮೊದಲ ಮೂರು ವರ್ಷಗಳಲ್ಲಿ ವಿದ್ಯಾರ್ಥಿಗಳು ಓದುವುದು ಬಹುಮಟ್ಟಿಗೆ ಪಠ್ಯಪುಸ್ತಕಗಳನ್ನು. ನಾಲ್ಕನೆಯ ವರ್ಷದಲ್ಲಿ ಅವರು ಒಂದು ಸ್ವತಂತ್ರ ಕಾರ್ಯವನ್ನು ಕೈಗೊಳ್ಳಬೇಕಾಗುತ್ತದೆ. ಆ ವಿಷಯದಲ್ಲಿ ಹಿಂದೆ ನಡೆದಿರುವ ಸಂಶೋಧನೆಗಳನ್ನು ಓದಿಕೊಂಡು ಬನ್ನಿರೆಂದು ಅಧ್ಯಾಪಕರು ಹೇಳುತ್ತಾರೆ. ಓದುವ ಬಗೆಯನ್ನು ಮಾತ್ರ ಬಹಳ ಕಡೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇದರ ಪರಿಣಾಮ ನಮಗೆಲ್ಲ ತಿಳಿದದ್ದೇ. ಹತ್ತು ಹನ್ನೆರಡು ಪ್ರಬಂಧಗಳ ಶೀರ್ಷಿಕೆಗಳನ್ನೂ ಸಾರಾಂಶಗಳನ್ನೂ ನಕಲು ಮಾಡಿ ಒಂದರ ಕೆಳಗೊಂದು ಜೋಡಿಸಿದರೆ ‘ಸಾಹಿತ್ಯ ಸಮೀಕ್ಷೆ’ ಎಂಬ ಅಧ್ಯಾಯ ಸಿದ್ಧವಾಗುತ್ತದೆ. ಬರೆದವರಿಗಾಗಲಿ ಪರೀಕ್ಷಿಸಿದವರಿಗಾಗಲಿ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ.

ಪಠ್ಯಪುಸ್ತಕವನ್ನು ಓದಿದ ರೀತಿಯಲ್ಲಿಯೇ ಸಂಶೋಧನ ಪ್ರಬಂಧವನ್ನೂ ಓದಲು ಹೊರಡುವುದೇ ಈ ಕಷ್ಟದ ಮೂಲವೆಂದು ನಮ್ಮ ಅಭಿಪ್ರಾಯ. ಪಠ್ಯಪುಸ್ತಕವು ನಿಶ್ಚಿತವಾದದ್ದನ್ನು ಹೇಳುತ್ತದೆ. ಯಾರು, ಎಲ್ಲಿ, ಯಾವ ಉಪಕರಣದಿಂದ, ಎಷ್ಟು ಬಾರಿ ಅಳೆದು ಆ ನಿಶ್ಚಯಕ್ಕೆ ಬಂದರೆಂಬುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಬಿಡದೆ ಗತ್ಯಂತರವಿಲ್ಲ, ಇಲ್ಲವಾದರೆ ಪುಸ್ತಕ ಮುಗಿಯುವುದೇ ಇಲ್ಲ. ಪ್ರಬಂಧವಾದರೋ ಹಾಗೆ ಬಿಟ್ಟುಹೋದದ್ದನ್ನೇ ಹೇಳುವ ಬರಹ. ಒಂದು ಪ್ರತಿಪಾದನೆಯನ್ನು ಮುಂದಿಟ್ಟು, ಅದಕ್ಕಿರುವ ಆಧಾರವನ್ನು ತೋರಿಸಿ, ಬೇಕಾದವರು ಪರೀಕ್ಷಿಸಿ ನೋಡಬಹುದೆಂದು ಸಮಾನರ ಮುಂದೆ ಇಡುವ ಪತ್ರ ಅದು. ನಿಜಕ್ಕೂ ಅದು ಪತ್ರವಾಗಿಯೇ ಹುಟ್ಟಿತು. ವಿದ್ವಾಂಸರು ಪರಸ್ಪರ ಬರೆದುಕೊಳ್ಳುತ್ತಿದ್ದ ಓಲೆಗಳನ್ನು ಸಂಗ್ರಹಿಸುತ್ತಿದ್ದ ಹೆನ್ರಿ ಓಲ್ಡನ್‌ಬರ್ಗ್ ಎಂಬಾತನು ೧೬೬೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಆಶ್ರಯದಲ್ಲಿ ‘ಫಿಲಸಾಫಿಕಲ್ ಟ್ರಾನ್‌ಸ್ಯಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಅದು ಇಂದಿಗೂ ಹೊರಬರುತ್ತಿದೆ.

ಪೀಠಿಕೆಯ ಮಾತು ಇಷ್ಟು ಸಾಕು. ಮಾದರಿಗಳಿಲ್ಲದೆ ಓದುವ ಬಗೆಯನ್ನು ವಿವರಿಸುವುದು ನೀರಿಗಿಳಿಯದೆ ಈಜು ಕಲಿಸಿದಂತೆ. ಆದಕಾರಣ ನಾವು ಎರಡು ನೈಜ ಪ್ರಬಂಧಗಳನ್ನು ತೆಗೆದುಕೊಳ್ಳುತ್ತೇವೆ. ಒಂದು ಕಾಲುವೆಯಲ್ಲಿ ನೀರು ಹರಿಯುವುದಕ್ಕೆ ಸಂಬಂಧಿಸಿದ್ದು, ಇನ್ನೊಂದು ಆ ನೀರು ಹರಿದ ನೆಲದಲ್ಲಿ ಉಪ್ಪು ಏರುವುದಕ್ಕೆ ಸಂಬಂಧಿಸಿದ್ದು. ಎರಡೂ ಪರದೇಶಗಳಲ್ಲಿ ಬರೆದವು. ಆದರೆ ಎರಡರ ಪ್ರಯೋಜನವೂ ಗಂಗಾವತಿಯ ಬಯಲಿನಲ್ಲಿ ದಿನನಿತ್ಯ ಕಾಣುವಂಥದು.

ಗಂಗಾವತಿಯ ಸೀಮೆಗೆ ಕಾಲುವೆ ಹೊಸದಲ್ಲ. ಆನೆಗುಂದಿಯ ಬಳಿ ತುಂಗಭದ್ರೆಯಿಂದ ಹೊರಡುವ ಹಳೆಯ ಕಾಲುವೆಗಳು ವಿಜಯನಗರದರಸರ ಕಾಲದಿಂದ ಗದ್ದೆಗಳಿಗೆ ನೀರುಣಿಸುತ್ತ ಬಂದಿವೆ. ೧೯೫೩ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಪೂರ್ಣವಾಗಿ ಎಡದಂಡೆಯ ಕಾಲುವೆಗೆ ನೀರು ಬಿಟ್ಟ ಮೇಲೆ ಒಣಬೇಸಾಯದ ಎರೆಭೂಮಿಯ ಬಹುಭಾಗವು ನೀರಾವರಿಗೆ ಒಳಪಟ್ಟಿತು. ಯೋಜನೆ ಮಾಡಿದವರು ಭತ್ತಕ್ಕೆ ಕೊಟ್ಟಿದ್ದ ಪಾಲು ಅಲ್ಪ. ಕಡಿಮೆ ನೀರು ಬೇಡುವ ಬೆಳೆಗಳನ್ನು ವಿಸ್ತಾರವಾದ ಪ್ರದೇಶದಲ್ಲಿ ಬೆಳೆಸಬೇಕೆಂಬುದು ಅವರ ಎಣಿಕೆಯಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿತು. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳು ನಾಡಿನಲ್ಲೆಲ್ಲ ಹೆಸರಾದವು. ಜೊತೆಜೊತೆಗೆ ಎರಡು ತೊಂದರೆಗಳೂ ಬಂದವು: ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಸಾಲದಾಯಿತು, ಮೇಲ್ಭಾಗದ ತಗ್ಗು ನೆಲಗಳಲ್ಲಿ ನೀರು ನಿಂತು ಸವುಳು ಜವುಳು ಹಬ್ಬಿದವು. ಈ ಎರಡರಲ್ಲಿ ಯಾವುದನ್ನು ಕುರಿತು ಕೆಲಸ ಮಾಡಬೇಕೆಂದರೂ ಸಿವಿಲ್ ಅಥವಾ ಕೃಷಿ ಎಂಜಿನಿಯರಿಂಗಿನ ವಿದ್ಯಾರ್ಥಿಯು ಕೆಳಗಿನ ಎರಡು ಪ್ರಬಂಧಗಳ ಫಲವನ್ನು ಬಳಸದೆ ಮುಂದಕ್ಕೆ ಹೋಗುವಂತಿಲ್ಲ. ಬಳಸುವವರಲ್ಲಿ ಅವುಗಳನ್ನು ಓದಿದವರೆಷ್ಟು ಮಂದಿ ಎಂಬುದು ಬೇರೆಯ ಮಾತು.

ಮೊದಲನೆಯದು ಮ್ಯಾನಿಂಗನ ಪ್ರಬಂಧ. ತೆರೆದ ಕಾಲುವೆಯಲ್ಲಿ ನೀರಿನ ಸರಾಸರಿ ವೇಗವನ್ನು ಲೆಕ್ಕಹಾಕಲು ನಮ್ಮ ಪುಸ್ತಕಗಳಲ್ಲೆಲ್ಲ ಮ್ಯಾನಿಂಗನ ಸೂತ್ರವಿದೆ. ಹರಿಯುವ ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು, ನೀರು ತಗಲಿರುವ ಅಂಚಿನ ಉದ್ದದಿಂದ ಭಾಗಿಸಿದರೆ ದೊರೆಯುವುದಕ್ಕೆ ‘ಜಲತ್ರಿಜ್ಯ’ವೆಂದು ಹೆಸರಿಡೋಣ. ಈ ತ್ರಿಜ್ಯವನ್ನು ಮೂರರಲ್ಲಿ ಎರಡನೆಯ ಘಾತಕ್ಕೆ ಏರಿಸಿ, ಇಳಿಜಾರಿನ ವರ್ಗಮೂಲದಿಂದ ಗುಣಿಸಿ, ಕಾಲುವೆಯ ಒರಟುತನವನ್ನು ಸೂಚಿಸುವ ‘ಎನ್’ ಎಂಬ ಸಂಖ್ಯೆಯಿಂದ ಭಾಗಿಸಿದರೆ ವೇಗ ಬರುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಸೂತ್ರ ಎಲ್ಲಿಂದ ಬಂದಿತೆಂಬ ಪ್ರಶ್ನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವುದೂ ಇಲ್ಲ. ಎದ್ದರೂ, ಮ್ಯಾನಿಂಗ್ ಎಂಬ ಮಹನೀಯನು ಕಾಲುವೆಗಳ ಬದಿಯಲ್ಲಿ ಕುಳಿತು ವರ್ಷಗಟ್ಟಲೆ ಅಳೆದು ಕಂಡುಹಿಡಿದಿರಬೇಕೆಂದು ಅವನು ಊಹಿಸುತ್ತಾನೆ.

ಪ್ರಬಂಧವನ್ನು ತೆರೆದರೆ ಕಥೆಯೇ ಬೇರೆ. ರಾಬರ್ಟ್ ಮ್ಯಾನಿಂಗ್ (೧೮೧೬–೧೮೯೭) ಐರ್ಲೆಂಡಿನ ಲೋಕೋಪಯೋಗಿ ಕಚೇರಿಯ ಮುಖ್ಯ ಎಂಜಿನಿಯರನಾಗಿದ್ದವನು. ಅವನಿಗೆ ಎಂಜಿನಿಯರಿಂಗಿನ ಕ್ರಮಬದ್ಧ ಶಿಕ್ಷಣವೇ ಆಗಿರಲಿಲ್ಲ. ೧೮೪೬ರಲ್ಲಿ ಜಲನಿರ್ಗಮದ ಶಾಖೆಯಲ್ಲಿ ಲೆಕ್ಕ ಬರೆಯುವವನಾಗಿ ಸೇರಿ, ಕೆಲಸ ಮಾಡುತ್ತ, ಫ್ರೆಂಚರ ಜಲಶಾಸ್ತ್ರದ ಗ್ರಂಥವನ್ನು ಓದುತ್ತ ಮೇಲೆ ಬಂದವನು. ೧೮೮೯ರ ಡಿಸೆಂಬರ್ ೪ರಂದು, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಅವನು ತೆರೆದ ಕಾಲುವೆಗಳಲ್ಲಿಯೂ ಕೊಳವೆಗಳಲ್ಲಿಯೂ ನೀರಿನ ಹರಿವನ್ನು ಕುರಿತ ಪ್ರಬಂಧವನ್ನು ಓದಿದನು. ಅದು ಅಚ್ಚಾದದ್ದು ೧೮೯೧ರಲ್ಲಿ.

ಆ ಕಾಲಕ್ಕೆ ಬಳಕೆಯಲ್ಲಿದ್ದ ಏಳು ಪ್ರಸಿದ್ಧ ಸೂತ್ರಗಳನ್ನು ಅವನು ಆಯ್ದುಕೊಂಡನು. ೧೭೮೬ರ ದು ಬುವಾನ ಸೂತ್ರದಿಂದ ೧೮೬೯ರಲ್ಲಿ ಸ್ವಿಸ್ ಎಂಜಿನಿಯರುಗಳಾದ ಗ್ಯಾಂಗಿಲೆ ಮತ್ತು ಕುಟರ್ ಕೊಟ್ಟ ಸೂತ್ರದವರೆಗೆ. ಗೊತ್ತಾದ ಒಂದು ಇಳಿಜಾರಿಗೆ, ಜಲತ್ರಿಜ್ಯವನ್ನು ಕಾಲು ಮೀಟರಿನಿಂದ ೩೦ ಮೀಟರಿನವರೆಗೆ ಬದಲಿಸುತ್ತ, ಏಳೂ ಸೂತ್ರಗಳಿಂದ ವೇಗವನ್ನು ಲೆಕ್ಕಹಾಕಿದನು. ಏಳು ಉತ್ತರಗಳ ಸರಾಸರಿಯನ್ನು ತೆಗೆದು, ಆ ಸರಾಸರಿಗೆ ಹೊಂದುವ ಹೊಸ ಸೂತ್ರವೊಂದನ್ನು ರಚಿಸಿದನು. ಎಂದರೆ ಅದರ ಬುಡದಲ್ಲಿ ಇದ್ದದ್ದು ಅವನ ಸ್ವಂತ ಅಳತೆಗಳಲ್ಲ, ಇತರರ ಸೂತ್ರಗಳು. ಲೆಕ್ಕಿಗನಾಗಿ ಆರಂಭಿಸಿದವನ ಬುದ್ಧಿಗೆ ತಕ್ಕ ಉಪಾಯವೆಂದು ಹೇಳಬಹುದು.

ಅನಂತರ ತ್ರಿಜ್ಯದ ಘಾತ. ಕೃತಕ ಕಾಲುವೆಗಳಲ್ಲಿ ಬಾಜಾಂ ಎಂಬ ಫ್ರೆಂಚನು ನಡೆಸಿದ್ದ ಪ್ರಯೋಗಗಳಿಂದ ಈ ಘಾತವನ್ನು ಲೆಕ್ಕಹಾಕಿದಾಗ ಅದು ಒಂದೇ ಸಂಖ್ಯೆಯಾಗಿ ಬರಲಿಲ್ಲ, ೦.೬೪೯೯ರಿಂದ ೦.೮೩೯೫ರವರೆಗೆ ಹರಡಿತ್ತು. ಮ್ಯಾನಿಂಗ್ ಅನುಕೂಲಕ್ಕಾಗಿ ಮೂರರಲ್ಲಿ ಎರಡು ಎಂದು ಇಟ್ಟುಕೊಂಡನು. ನಾವು ಪ್ರಕೃತಿಯ ನಿಯಮವೆಂದು ಬಾಯಿಪಾಠ ಮಾಡಿದ ಭಿನ್ನರಾಶಿಯು ಒಂದು ಹರವಿನೊಳಗಿಂದ ಆಯ್ದುಕೊಂಡದ್ದು! ಇದೇ ರೂಪದ ಸೂತ್ರವನ್ನು ಗೋಕ್ಲೇರ್ ಎಂಬಾತನು ೧೮೬೭ರಲ್ಲಿಯೇ ಸೂಚಿಸಿದ್ದನು. ಯೂರೋಪಿನ ಕೆಲವು ಪುಸ್ತಕಗಳು ಅವನ ಹೆಸರನ್ನೂ ಸೇರಿಸಿ ಹೇಳುತ್ತವೆ.

ಇನ್ನೂ ಸ್ವಾರಸ್ಯದ ಸಂಗತಿಯುಂಟು. ತನ್ನ ಹೆಸರಿನಿಂದ ಪ್ರಸಿದ್ಧವಾದ ಈ ಸೂತ್ರ ಮ್ಯಾನಿಂಗನಿಗೇ ರುಚಿಸಲಿಲ್ಲ. ಅದಕ್ಕೆ ಅವನು ಕೊಟ್ಟ ಕಾರಣಗಳು ಎರಡು. ಘನಮೂಲವನ್ನು ತೆಗೆಯುವುದು ತ್ರಾಸದಾಯಕ. ಇದು ಗಣಕಯಂತ್ರಗಳಿಲ್ಲದ ಕಾಲದ ತೊಡಕು, ಇಂದಿಗೆ ಮುಖ್ಯವಲ್ಲ. ಎರಡನೆಯದು ಮಾತ್ರ ಇಂದಿಗೂ ಮುಖ್ಯವೇ: ಸೂತ್ರದ ಎರಡು ಬದಿಗಳ ಮಾನಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಬದಿಯಲ್ಲಿ ಮೀಟರನ್ನು ಸೆಕೆಂಡಿನಿಂದ ಭಾಗಿಸಿದ ಮಾನ. ಇನ್ನೊಂದು ಬದಿಯಲ್ಲಿ ಮೀಟರಿನ ಮೂರರಲ್ಲಿ ಎರಡನೆಯ ಘಾತ. ‘ಎನ್’ ಅನ್ನು ಬರಿಯ ಸಂಖ್ಯೆಯೆಂದು ಭಾವಿಸಿದರೆ ಲೆಕ್ಕ ಕೂಡುವುದಿಲ್ಲ. ಅಡಿಗಳಲ್ಲಿ ಲೆಕ್ಕಹಾಕುವ ಪುಸ್ತಕಗಳು ಅದೇ ಸೂತ್ರಕ್ಕೆ ೧.೪೮೬ ಎಂಬ ಗುಣಕವನ್ನು ಸೇರಿಸುವುದೇಕೆಂದು ವಿದ್ಯಾರ್ಥಿಗಳು ಕೆಲವೊಮ್ಮೆ ಕೇಳುತ್ತಾರೆ. ಒಂದು ಮೀಟರಿಗೆ ೩.೨೮೧ ಅಡಿಗಳು; ೩.೨೮೧ರ ಘನಮೂಲ ೧.೪೮೬. ಮೀಟರಿನಲ್ಲಿ ಹುಟ್ಟಿದ ‘ಎನ್’ನ ಬೆಲೆಗಳನ್ನು ಬದಲಿಸದೆ ಅಡಿಗೆ ಸಾಗಿಸುವುದಕ್ಕಾಗಿ ಹಾಕಿದ ಒತ್ತುಗಲ್ಲು ಅದು. ಮ್ಯಾನಿಂಗ್ ಕಂಡಿದ್ದ ದೋಷ ಅಲ್ಲಿ ಹೊರಗೆ ಇಣುಕುತ್ತದೆ. ಈ ದೋಷವನ್ನು ನೀಗಲು ಅವನು ವಾಯುಭಾರವನ್ನು ತೂಗುವ ಪಾದರಸದ ಎತ್ತರವನ್ನು ಒಳಗೊಂಡ ಬೇರೊಂದು ಸೂತ್ರವನ್ನು ರಚಿಸಿ ಅದನ್ನೇ ಶಿಫಾರಸು ಮಾಡಿದನು. ಲೋಕ ಅದನ್ನು ಮರೆಯಿತು. ಅವನು ಬೇಡವೆಂದದ್ದನ್ನು ಅವನ ಹೆಸರಿಟ್ಟು ಕರೆಯಿತು.

ಇದನ್ನೆಲ್ಲ ತಿಳಿದು ಗಂಗಾವತಿಯ ವಿದ್ಯಾರ್ಥಿಗೆ ಆಗಬೇಕಾದದ್ದೇನು? ಒಂದು ಹೊಲಗಾಲುವೆಯನ್ನು ತೆಗೆದುಕೊಳ್ಳೋಣ: ತಳದ ಅಗಲ ೩೦ ಸೆಂಟಿಮೀಟರು, ನೀರಿನ ಆಳ ೨೦ ಸೆಂಟಿಮೀಟರು, ಪಕ್ಕಗಳು ನೇರ. ವಿಸ್ತೀರ್ಣ ೦.೦೬ ಚದರ ಮೀಟರು. ನೀರು ತಗಲುವ ಅಂಚು ೦.೭ ಮೀಟರು, ಜಲತ್ರಿಜ್ಯ ಹತ್ತಿರಹತ್ತಿರ ೦.೦೯ ಮೀಟರು. ಮ್ಯಾನಿಂಗ್ ಸರಾಸರಿ ತೆಗೆಯಲು ಆರಂಭಿಸಿದ್ದು ೦.೨೫ ಮೀಟರಿನಿಂದ. ನಮ್ಮ ಹೊಲಗಾಲುವೆ ಆ ಎಲ್ಲೆಯ ಹೊರಗಿದೆ. ಹಾಗೆಂದ ಮಾತ್ರಕ್ಕೆ ಸೂತ್ರ ಅಲ್ಲಿ ಸುಳ್ಳಾಗುತ್ತದೆಂದು ಅರ್ಥವಲ್ಲ. ಅಲ್ಲಿ ಅದನ್ನು ಬಳಸಲು ಬೇರೆಯ ಆಧಾರವನ್ನು ಹುಡುಕಬೇಕೆಂದು, ಸಾಧ್ಯವಾದರೆ ತಾನೇ ಅಳೆದು ನೋಡಬೇಕೆಂದು ಅರ್ಥ. ಒಂದು ಪದವಿ ತರಗತಿಯ ಯೋಜನೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

‘ಎನ್’ನ ವಿಷಯವೂ ಹೀಗೆಯೇ. ವೆನ್ ಟೆ ಚೌ ಎಂಬ ವಿದ್ವಾಂಸನು ೧೯೫೯ರಲ್ಲಿ ಪ್ರಕಟಿಸಿದ ತೆರೆಗಾಲುವೆಗಳ ಗ್ರಂಥದಲ್ಲಿ, ಹೊಸದಾಗಿ ತೋಡಿದ ಸ್ವಚ್ಛವಾದ ಮಣ್ಣಿನ ಕಾಲುವೆಗೆ ‘ಎನ್’ನ ಸಾಮಾನ್ಯ ಬೆಲೆ ೦.೦೧೮, ಗಿಡ್ಡ ಹುಲ್ಲೂ ಅಲ್ಪಸ್ವಲ್ಪ ಕಳೆಯೂ ಬೆಳೆದ ಕಾಲುವೆಗೆ ೦.೦೨೭. ಇತರ ಅಂಶಗಳೆಲ್ಲ ಸಮವಾಗಿದ್ದರೆ ಎರಡನೆಯ ಕಾಲುವೆಯಲ್ಲಿ ವೇಗವು ಮೊದಲನೆಯದರ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ವಿನ್ಯಾಸದ ಕಡತದಲ್ಲಿ ೦.೦೧೮ ಎಂದು ಬರೆದು, ಕಾಲುವೆಯಲ್ಲಿ ಹುಲ್ಲು ಬೆಳೆಯಲು ಬಿಟ್ಟರೆ, ಕಾಗದದ ಮೇಲೆ ಹರಿದ ನೀರಿನ ಮೂರನೆಯ ಒಂದು ಪಾಲು ಕೊನೆಯ ಭಾಗದ ರೈತನ ಹೊಲವನ್ನು ಮುಟ್ಟುವುದೇ ಇಲ್ಲ. ಒಂದು ಸಂಖ್ಯೆಯ ಪಕ್ಕದಲ್ಲಿ ಅದರ ಷರತ್ತನ್ನೂ ಓದುವ ಅಭ್ಯಾಸವಿದ್ದವನು ‘ಯಾವ ಸ್ಥಿತಿಯ ಕಾಲುವೆ?’ ಎಂದು ಮೊದಲು ಕೇಳಿಯಾನು.

ನಮ್ಮ ದೇಶದಲ್ಲಿಯೇ ಹುಟ್ಟಿದ ಇನ್ನೊಂದು ಸೂತ್ರದ ಹೆಸರನ್ನು ಇಲ್ಲಿ ಹೇಳಿ ಮುಂದೆ ಹೋಗೋಣ. ಕಾಲುವೆಯಲ್ಲಿ ಹೂಳು ತುಂಬದಂತೆಯೂ ದಂಡೆ ಕೊರೆಯದಂತೆಯೂ ಇರಬೇಕಾದ ವೇಗವನ್ನು ಆರ್. ಜಿ. ಕೆನಡಿ ೧೮೯೫ರಲ್ಲಿ ಪ್ರಕಟಿಸಿದನು. ಅವನು ಅಳೆದದ್ದು ಪಂಜಾಬಿನ ಮೇಲ್ಬಾರಿ ದೋಆಬ್ ಕಾಲುವೆಗಳಲ್ಲಿ, ಅಲ್ಲಿನ ಮೆಕ್ಕಲು ಮಣ್ಣಿನಲ್ಲಿ. ನಮ್ಮ ಎರೆಮಣ್ಣು ಬೇರೆ, ಜಲಾಶಯದಲ್ಲಿ ನಿಂತು ಬರುವ ನಮ್ಮ ನೀರಿನ ಹೂಳೂ ಬೇರೆ.

ಇನ್ನು ಓದುವ ಕ್ರಮಕ್ಕೆ ಬರೋಣ. ಮೊದಲ ಪುಟದ ಮೊದಲ ಸಾಲಿನಿಂದ ಹಿಡಿದು ಕೊನೆಯ ಪುಟದವರೆಗೆ ಕಾದಂಬರಿಯಂತೆ ಓದಿಕೊಂಡು ಹೋಗುವವರು ಮೂರನೆಯ ಪುಟದಲ್ಲಿ ಸೋತು ಕೈಬಿಡುತ್ತಾರೆ. ಎಸ್. ಕೇಶವ್ ಎಂಬ ಗಣಕವಿಜ್ಞಾನಿಯು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿದ್ದಾಗ ೨೦೦೭ರಲ್ಲಿ ಈ ವಿಷಯವನ್ನೇ ಕುರಿತು ಒಂದು ಕಿರುಲೇಖನ ಬರೆದರು. ಒಂದೇ ಪ್ರಬಂಧವನ್ನು ಮೂರು ಸಾರಿ ಓದಬೇಕೆಂಬುದು ಅವರ ಸಲಹೆ. ಮೊದಲ ಸಾರಿ ಐದು ಹತ್ತು ನಿಮಿಷಗಳಲ್ಲಿ ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆಗಳು, ಮುಕ್ತಾಯ ಇಷ್ಟನ್ನು ನೋಡುವುದು. ಎರಡನೆಯ ಸಾರಿ ಸುಮಾರು ಒಂದು ಗಂಟೆ. ಚಿತ್ರಗಳನ್ನೂ ನಕ್ಷೆಗಳನ್ನೂ ಎಚ್ಚರದಿಂದ ನೋಡುವುದು, ಗಣಿತದ ಸಾಧನೆಗಳನ್ನು ಸದ್ಯಕ್ಕೆ ಬಿಡುವುದು. ಮೂರನೆಯ ಸಾರಿ, ಆ ಕೆಲಸವನ್ನು ತಾನೇ ಮಾಡುತ್ತಿರುವೆನೆಂದು ಭಾವಿಸಿ ಹೆಜ್ಜೆಹೆಜ್ಜೆಗೂ ಪುನಃ ಕಟ್ಟುವುದು. ಇದಕ್ಕೆ ಹೊಸಬರಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಎಲ್ಲ ಪ್ರಬಂಧಗಳಿಗೂ ಮೂರನೆಯ ಓದು ಬೇಕಿಲ್ಲ. ಇಪ್ಪತ್ತು ಪ್ರಬಂಧಗಳನ್ನು ಮೊದಲ ಸಾರಿ ಓದಿ, ಐದನ್ನು ಎರಡನೆಯ ಸಾರಿಗೆ ಉಳಿಸಿಕೊಂಡು, ಒಂದನ್ನೋ ಎರಡನ್ನೋ ಕೊನೆಯವರೆಗೆ ಹಿಡಿದರೆ ಪದವಿ ವಿದ್ಯಾರ್ಥಿಗೆ ಧಾರಾಳವಾಯಿತು.

ಈ ಕ್ರಮಕ್ಕೆ ನಾವು ಒಂದು ಮಾತನ್ನು ಸೇರಿಸಬಯಸುತ್ತೇವೆ. ಅವಸರದ ಓದುಗರು ಮೊದಲು ಹಾರಿಸಿಬಿಡುವ ಭಾಗ ‘ಸಾಮಗ್ರಿ ಮತ್ತು ವಿಧಾನ’; ಕೆಲವು ಪತ್ರಿಕೆಗಳು ಅದನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚುಹಾಕುವುದೂ ಉಂಟು. ಎಂಜಿನಿಯರಿಗೆ ಬೇಕಾದದ್ದು ಮುಖ್ಯವಾಗಿ ಅಲ್ಲಿಯೇ ಇದೆ. ಇದನ್ನು ತೋರಿಸಲು ನಮ್ಮ ಎರಡನೆಯ ಮಾದರಿ.

ಕ್ಯಾಲಿಫೋರ್ನಿಯದ ರಿವರ್‌ಸೈಡಿನಲ್ಲಿರುವ ಅಮೆರಿಕದ ಲವಣಮಣ್ಣಿನ ಪ್ರಯೋಗಾಲಯದ ಮಾಸ್ ಮತ್ತು ಹಾಫ್‌ಮನ್ ಎಂಬಿಬ್ಬರು, ಬೆಳೆಗಳು ಎಷ್ಟು ಉಪ್ಪನ್ನು ತಾಳುತ್ತವೆಂಬುದರ ಬಗ್ಗೆ ೧೯೭೭ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ನೀರಾವರಿ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಇದು ಹೊಸ ಪ್ರಯೋಗದ ವರದಿಯಲ್ಲ. ಅದುವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಸಮೀಕ್ಷೆ. ಪ್ರತಿಯೊಂದು ಬೆಳೆಗೂ ಎರಡು ಸಂಖ್ಯೆಗಳು: ಮೊದಲನೆಯದು, ಇಳುವರಿ ಕುಗ್ಗಲು ಆರಂಭವಾಗುವ ಉಪ್ಪಿನ ಮಟ್ಟ, ಎರಡನೆಯದು, ಅಲ್ಲಿಂದ ಮುಂದೆ ಉಪ್ಪು ಒಂದು ಮಾನದಷ್ಟು ಏರಿದರೆ ಇಳುವರಿ ಶೇಕಡ ಎಷ್ಟು ಇಳಿಯುತ್ತದೆಂಬುದು. ಉಪ್ಪನ್ನು ಮಣ್ಣಿನ ರಸದ ವಿದ್ಯುದ್ವಾಹಕತೆಯಿಂದ ಅಳೆಯುತ್ತಾರೆ; ಮಾನ, ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂದು. ಹತ್ತಿಗೆ ಈ ಸಂಖ್ಯೆಗಳು ೭.೭ ಮತ್ತು ೫.೨. ಭತ್ತಕ್ಕೆ ೩.೦ ಮತ್ತು ೧೨. ಗಂಗಾವತಿಯ ಸವುಳು ನೆಲದಲ್ಲಿ ಭತ್ತ ಬೆಳೆಯುವವನಿಗೆ ಈ ನಾಲ್ಕು ಸಂಖ್ಯೆಗಳು ಹೇಳುವ ಮಾತು ಹಿತವಾದದ್ದಲ್ಲ.

ಈಗ ಒಬ್ಬ ವಿದ್ಯಾರ್ಥಿಯು ಮಣ್ಣುಪರೀಕ್ಷೆಯ ಚೀಟಿಯೊಂದನ್ನು ನೋಡಿ, ಅದರಲ್ಲಿ ವಿದ್ಯುದ್ವಾಹಕತೆ ೧.೨ ಎಂದಿರುವುದನ್ನು ಕಂಡನೆಂದು ಭಾವಿಸೋಣ. ಮೂರಕ್ಕಿಂತ ಕಡಿಮೆ, ಆದ್ದರಿಂದ ಭತ್ತಕ್ಕೆ ಹಾನಿಯಿಲ್ಲ, ಇಳುವರಿ ಪೂರ್ಣವೆಂದು ಅವನು ಬರೆದುಬಿಡುತ್ತಾನೆ. ಪ್ರಬಂಧದ ವಿಧಾನದ ಭಾಗವನ್ನು ಓದಿದ್ದರೆ ಅವನ ಲೇಖನಿ ಅಲ್ಲಿಯೇ ನಿಲ್ಲುತ್ತಿತ್ತು. ಮಾಸ್ ಮತ್ತು ಹಾಫ್‌ಮನ್ ಹೇಳುವ ವಾಹಕತೆ, ಮಣ್ಣು ನೀರನ್ನು ಹೀರಿ ಮುದ್ದೆಯಾಗುವಷ್ಟು ಮಾತ್ರ ನೀರು ಬೆರಸಿ, ಆ ಮುದ್ದೆಯಿಂದ ಹಿಂಡಿ ತೆಗೆದ ರಸದ್ದು. ನಮ್ಮ ಮಣ್ಣುಪರೀಕ್ಷಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರಸಿ ಅಳೆಯುತ್ತಾರೆ. ಅದು ಸುಲಭ, ಶೀಘ್ರ. ಎರೆಮಣ್ಣು ಮುದ್ದೆಯಾಗಲು ೧೦೦ ಗ್ರಾಮಿಗೆ ೭೦ ಮಿಲಿಲೀಟರು ನೀರು ಬೇಕಾಯಿತೆಂದು ಇಟ್ಟುಕೊಂಡರೆ, ಎರಡೂವರೆ ಪಾಲಿನ ಲೆಕ್ಕದಲ್ಲಿ ೨೫೦ ಮಿಲಿಲೀಟರು ಬಿದ್ದಿದೆ. ಅದೇ ಉಪ್ಪು ಮೂರೂವರೆ ಪಟ್ಟಿಗಿಂತ ಹೆಚ್ಚು ನೀರಿನಲ್ಲಿ ಹರಡಿದೆ. ಆದುದರಿಂದ ೧.೨ ಎಂಬುದು ಮುದ್ದೆಯ ರಸದ ಲೆಕ್ಕದಲ್ಲಿ ಸ್ಥೂಲವಾಗಿ ೪.೩. ಮೂರನ್ನು ಕಳೆದರೆ ೧.೩, ಹನ್ನೆರಡರಿಂದ ಗುಣಿಸಿದರೆ ಸುಮಾರು ೧೬. ಪೂರ್ಣ ಇಳುವರಿಯೆಂದು ಬರೆದ ಕಡೆಯಲ್ಲಿ ಶೇಕಡ ೮೪ ಎಂದು ಬರೆಯಬೇಕು. ಮಣ್ಣಿನಲ್ಲಿ ಜಿಪ್ಸಮ್ ಇದ್ದರೆ ಈ ಸರಳ ಗುಣಾಕಾರವೂ ನಿಲ್ಲುವುದಿಲ್ಲ, ಏಕೆಂದರೆ ಹೆಚ್ಚು ನೀರು ಹಾಕಿದಷ್ಟೂ ಜಿಪ್ಸಮ್ ಹೆಚ್ಚು ಕರಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಇದೇ ಕೋಷ್ಟಕ ಮುಂದೆ ಪುನರ್ಮುದ್ರಿತವಾದಾಗ ಭತ್ತದ ಸಾಲಿಗೆ ಒಂದು ಅಡಿಟಿಪ್ಪಣಿ ಬಂದಿದೆ: ಭತ್ತವನ್ನು ನಿಂತ ನೀರಿನಲ್ಲಿ ಬೆಳೆಯುವುದರಿಂದ ಅದರ ಸಂಖ್ಯೆಗಳು ಪೈರು ಮುಳುಗಿರುವಾಗಿನ ಮಣ್ಣುನೀರಿನ ವಾಹಕತೆಗೆ ಅನ್ವಯಿಸುತ್ತವೆ, ಸಸಿಯ ಹಂತದಲ್ಲಿ ಪೈರು ಇನ್ನೂ ಮೃದು. ಕೊಯ್ಲಾದ ಮೇಲೆ ಒಣನೆಲದಿಂದ ತೆಗೆದ ಮಣ್ಣು ಈ ಮಾತಿಗೆ ನೇರವಾಗಿ ಉತ್ತರ ಕೊಡಲಾರದು. ಮತ್ತೂ ಒಂದು ಸಂಗತಿ: ಶೇಕಡ ೮೪ ಎಂಬುದು ಎಕರೆಗೆ ಇಷ್ಟು ಚೀಲ ಎಂಬ ಲೆಕ್ಕವಲ್ಲ, ಉಪ್ಪಿಲ್ಲದಿದ್ದರೆ ಅದೇ ಪರಿಸ್ಥಿತಿಯಲ್ಲಿ ಬರುತ್ತಿದ್ದ ಇಳುವರಿಯ ಪಾಲು. ಗೊಬ್ಬರ, ರೋಗ, ತಳಿ ಇವೆಲ್ಲ ಅದರ ಹೊರಗೆ ನಿಂತಿವೆ. ಕೋಷ್ಟಕದಲ್ಲಿರುವುದು ಎರಡು ಸಂಖ್ಯೆಗಳು. ಅವುಗಳಿಗೆ ಅಂಟಿಕೊಂಡಿರುವ ಷರತ್ತುಗಳು ನಾಲ್ಕೈದು. ಸಂಖ್ಯೆಯನ್ನು ಕಿತ್ತುಕೊಂಡು ಷರತ್ತನ್ನು ಅಲ್ಲಿಯೇ ಬಿಟ್ಟು ಬಂದರೆ ರೈತನಿಗೆ ಕೊಡುವ ಸಲಹೆ ತಪ್ಪಾಗುತ್ತದೆ. ಈ ತಪ್ಪಿಗೆ ದಂಡ ತೆರುವವನು ಸಲಹೆ ಕೊಟ್ಟವನಲ್ಲ.

ಈ ಬಗೆಯ ಪ್ರಶ್ನೆಗಳಲ್ಲಿ ನೆರವು ಬಹು ದೂರದಲ್ಲಿಲ್ಲ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಕೃಷಿ ಸಂಶೋಧನ ಕೇಂದ್ರವು ಲವಣಪೀಡಿತ ಮಣ್ಣುಗಳ ಅಖಿಲ ಭಾರತ ಸಮನ್ವಯ ಸಂಶೋಧನ ಯೋಜನೆಯ ಕೇಂದ್ರಗಳಲ್ಲಿ ಒಂದು. ನೆಲದಡಿಯಲ್ಲಿ ತೂತುಗೊಳವೆಗಳನ್ನು ಹೂಳಿ ಉಪ್ಪುನೀರನ್ನು ಹೊರಕ್ಕೆ ಬಸಿಯುವ ವಿಧಾನ ಅಲ್ಲಿ ಅಭ್ಯಾಸಮಾಡಿರುವ ವಿಷಯಗಳಲ್ಲೊಂದು. ಪರದೇಶದ ಪ್ರಬಂಧವನ್ನು ಓದಿದ ಮೇಲೆ ಇದೇ ಮಣ್ಣಿನ ಮೇಲೆ ನಡೆದ ಕೆಲಸವನ್ನು ಓದುವುದು ಒಳ್ಳೆಯ ಕ್ರಮ.

ಭಾಷೆಯ ವಿಷಯ ಒಂದೆರಡು ಮಾತು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಪ್ರಬಂಧಗಳ ಇಂಗ್ಲಿಷಿಗೆ ಹೆದರುವುದು ಸಹಜ. ಆದರೆ ಆ ಇಂಗ್ಲಿಷು ಸಾಹಿತ್ಯದ ಇಂಗ್ಲಿಷಲ್ಲ. ಅದರ ಶಬ್ದಭಂಡಾರ ಕಿರಿದು, ವಾಕ್ಯಗಳು ಒಂದೇ ಅಚ್ಚಿನವು. ಒಂದೇ ವಿಷಯದ ಮೂರು ಪ್ರಬಂಧಗಳನ್ನು ಓದಿದವನಿಗೆ ನಾಲ್ಕನೆಯದರಲ್ಲಿ ಹೊಸ ಪದಗಳು ಹೆಚ್ಚಾಗಿ ಸಿಕ್ಕುವುದಿಲ್ಲ. ನಿಜವಾದ ತೊಡಕು ಇರುವುದು ಸಣ್ಣ ಕ್ರಿಯಾಪದಗಳಲ್ಲಿ. ಲೇಖಕನು ‘ತೋರಿಸಿದೆವು’ ಎನ್ನುವುದು ಬೇರೆ, ‘ಎಂದು ತೋರುತ್ತದೆ’ ಎನ್ನುವುದು ಬೇರೆ, ‘ಇರಬಹುದು’ ಎನ್ನುವುದು ಇನ್ನೂ ಬೇರೆ. ‘ಇರಬಹುದು’ ಎಂದದ್ದನ್ನು ‘ಇದೆ’ ಎಂದು ಟಿಪ್ಪಣಿಮಾಡಿಕೊಂಡರೆ ಲೇಖಕನ ಬಾಯಿಂದ ಅವನು ಆಡದ ಮಾತನ್ನು ಆಡಿಸಿದಂತಾಯಿತು. ಸಂಖ್ಯಾಶಾಸ್ತ್ರದ ‘ಗಣನೀಯ ವ್ಯತ್ಯಾಸ’ ಎಂಬ ಪದವೂ ಇಂಥದೇ. ಅದರ ಅರ್ಥ ದೊಡ್ಡ ವ್ಯತ್ಯಾಸವೆಂದಲ್ಲ; ಆ ವ್ಯತ್ಯಾಸವು ಬರಿಯ ಆಕಸ್ಮಿಕದಿಂದ ಬರುವ ಸಂಭವ ಕಡಮೆ ಎಂದಷ್ಟೆ. ಎಕರೆಗೆ ಅರ್ಧ ಚೀಲದ ವ್ಯತ್ಯಾಸವೂ ಗಣನೀಯವಾಗಬಹುದು. ಅದಕ್ಕಾಗಿ ಕೊಳವೆ ಹೂಳಿಸುವ ಖರ್ಚು ಗಿಟ್ಟುವುದೇ ಎಂಬುದು ಪ್ರತ್ಯೇಕ ಪ್ರಶ್ನೆ.

ಅಧ್ಯಾಪಕರಿಗೆ ನಮ್ಮದೊಂದು ಸೂಚನೆ. ಒಬ್ಬೊಬ್ಬರಿಗೆ ಹತ್ತು ಪ್ರಬಂಧಗಳನ್ನು ಹಂಚುವುದರ ಬದಲು ಐದು ಮಂದಿಗೆ ಒಂದೇ ಪ್ರಬಂಧವನ್ನು ಮೂರು ವಾರ ಕೊಡಬಹುದು. ಒಬ್ಬನು ಹೇಗೆ ಅಳೆದರೆಂಬುದನ್ನು, ಇನ್ನೊಬ್ಬಳು ನಕ್ಷೆಗಳ ಅಕ್ಷಗಳನ್ನೂ ಮಾನಗಳನ್ನೂ, ಮತ್ತೊಬ್ಬರು ಲೇಖಕರು ಒಪ್ಪಿಕೊಂಡಿರುವ ಮಿತಿಗಳನ್ನು ನೋಡಿಕೊಂಡು ಬರಲಿ. ಉಳಿದಿಬ್ಬರು ಒಂದು ಲೆಕ್ಕವನ್ನು ತಾವೇ ಮರಳಿ ಮಾಡಿ ಉತ್ತರ ಕೂಡುತ್ತದೆಯೇ ಪರೀಕ್ಷಿಸಲಿ. ಮೂರನೆಯ ವಾರದಲ್ಲಿ ಎಲ್ಲರೂ ಸೇರಿ ಅದರ ಸಾರವನ್ನು ಒಂದು ಪುಟ ಕನ್ನಡದಲ್ಲಿ ಬರೆಯಲಿ. ಪಾರಿಭಾಷಿಕ ಪದಗಳನ್ನು ಇದ್ದಂತೆಯೇ ಇಟ್ಟುಕೊಂಡರೂ ಅಡ್ಡಿಯಿಲ್ಲ. ವಾಕ್ಯ ಮಾತ್ರ ಸ್ವಂತದ್ದಾಗಿರಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ ಅರ್ಥವಾಗದ ವಾಕ್ಯವನ್ನು ಹಾಗೆಯೇ ಎತ್ತಿಟ್ಟು ಪಾರಾಗಬಹುದು. ಕನ್ನಡದಲ್ಲಿ ಆ ದಾರಿ ಮುಚ್ಚಿದೆ.

ಈಗೀಗ ಗಣಕಗಳೇ ಪ್ರಬಂಧದ ಸಾರಾಂಶವನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕೆಂದು ಆರಿಸಲು ಅದು ನೆರವಾದೀತು. ಆದರೆ ಸಾರಾಂಶದಲ್ಲಿ ಮೊದಲು ಉದುರಿಹೋಗುವುದು ಅಡಿಟಿಪ್ಪಣಿ. ಮೇಲೆ ಕಂಡ ಭತ್ತದ ಸಾಲಿನಲ್ಲಿ ವಿಷಯವೆಲ್ಲ ಇದ್ದದ್ದು ಅಡಿಟಿಪ್ಪಣಿಯಲ್ಲಿಯೇ. ಹಣ ಕೊಟ್ಟರೆ ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳೂ ಈಗ ಹೇರಳ. ವಿಧಾನದ ಭಾಗ ನಾಲ್ಕೇ ಸಾಲುಗಳಲ್ಲಿ ಮುಗಿದಿದ್ದರೆ, ನಕ್ಷೆಗಳಲ್ಲಿ ಮಾನಗಳೇ ಇಲ್ಲದಿದ್ದರೆ, ಅಂಥ ಪ್ರಬಂಧವನ್ನು ಮೊದಲ ಓದಿನಲ್ಲಿಯೇ ಬದಿಗಿಡುವುದು ಲೇಸು. ಒಮ್ಮೆ ಪ್ರಕಟವಾಗಿ ಅನಂತರ ಹಿಂತೆಗೆದುಕೊಂಡ ಪ್ರಬಂಧಗಳೂ ಉಂಟು. ಆಧಾರವಾಗಿ ಉದ್ಧರಿಸುವ ಮುನ್ನ ಪತ್ರಿಕೆಯ ಮೂಲಪುಟದಲ್ಲಿ ಅದನ್ನು ನೋಡಿಕೊಳ್ಳಬೇಕು.

ಪ್ರಬಂಧಗಳು ನಮಗೆ ಸಿಕ್ಕುವುದಿಲ್ಲವೆಂಬ ದೂರು ಸಣ್ಣ ಊರುಗಳ ಕಾಲೇಜುಗಳಲ್ಲಿ ಬಹುಕಾಲ ನಿಜವಾಗಿತ್ತು. ಪತ್ರಿಕೆಗಳ ಚಂದಾ ಅಷ್ಟು ದುಬಾರಿ. ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಕೇಂದ್ರ ಸರಕಾರವು ೨೦೨೪ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟು, ೨೦೨೫ರಿಂದ ಅದು ಜಾರಿಗೆ ಬಂದಿದೆ. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡುವುದು ಅದರ ಉದ್ದೇಶ. ಸರಕಾರಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕರನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಇತರರಿಗೂ ದಾರಿ ಮುಚ್ಚಿಲ್ಲ. ಎಷ್ಟೋ ಪ್ರಬಂಧಗಳನ್ನು ಲೇಖಕರೇ ಉಚಿತವಾಗಿ ಇಟ್ಟಿರುತ್ತಾರೆ. ಕೇಶವರ ಕಿರುಲೇಖನ ಅಂಥದು. ಅದನ್ನು ಅವರೇ ಹೇಳಿದ ಕ್ರಮದಲ್ಲಿ ಮೂರು ಸಾರಿ ಓದಿ ಅಭ್ಯಾಸವನ್ನು ಆರಂಭಿಸಬಹುದು. ಅದು ಮುಗಿದ ಮೇಲೆ ಹತ್ತಿರದ ಹೊಲಗಾಲುವೆಯೊಂದಕ್ಕೆ ಅಳತೆಪಟ್ಟಿಯನ್ನೂ, ನೀರಿನ ಮೇಲೆ ತೇಲಿಬಿಡಲು ಒಂದು ಬೆಂಡನ್ನೂ, ಒಂದು ಗಡಿಯಾರವನ್ನೂ ತೆಗೆದುಕೊಂಡು ಹೋಗಿ, ಮ್ಯಾನಿಂಗನ ಲೆಕ್ಕಕ್ಕೂ ಬೆಂಡಿನ ಓಟಕ್ಕೂ ಎಷ್ಟು ಅಂತರ ಬರುತ್ತದೆಂದು ಬರೆದಿಡಬೇಕು. ಬೆಂಡು ತೇಲುವುದು ಮೇಲ್ಮೈಯಲ್ಲಿ. ಸೂತ್ರ ಹೇಳುವುದು ಸರಾಸರಿ ವೇಗವನ್ನು. ಆದ್ದರಿಂದ ಬೆಂಡಿನ ವೇಗವನ್ನು ಹಾಗೆಯೇ ಹೋಲಿಸದೆ, ಅದನ್ನು ಸಾಮಾನ್ಯವಾಗಿ ಮಾಡುವಂತೆ ಸುಮಾರು ೦.೮೫ರಿಂದ ಗುಣಿಸಿಕೊಳ್ಳಬೇಕು. ಈ ೦.೮೫ ಎಲ್ಲಿಂದ ಬಂದಿತು, ಗಂಟಲುದ್ದ ಹುಲ್ಲು ಬೆಳೆದ ಗೇಣುದ್ದದ ಕಾಲುವೆಗೂ ಅದು ಸಲ್ಲುತ್ತದೆಯೇ ಎಂಬುದನ್ನು ಹುಡುಕಲು ಇನ್ನೊಂದು ಪ್ರಬಂಧವನ್ನು ತೆರೆಯಬೇಕಾದೀತು.